ಅಳಿಸಿದ್ದು 16 ಬೈಟು, ಸಿಕ್ಕಿದ್ದು ಅತ್ತೆಯ ಪಾಡ್ದನ

"ಉಂಡು ಮಾಮ, ಉಂಡು!"

ರಾತ್ರಿ ಹನ್ನೊಂದೂವರೆ. ಆಟಿ ತಿಂಗಳ ಮಳೆ ಹೆಂಚಿನ ಮಾಡಿನ ಮೇಲೆ ಬಡಿಯುತ್ತಿತ್ತು. ಕಾಸರಗೋಡು ಜಿಲ್ಲೆಯ ಕುಂಜತ್ತೂರಿನ ಅಕ್ಕನ ಮನೆಯ ಚಾವಡಿಯಲ್ಲಿ, ಹಳೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಅಳಿಯ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತ. ಕಪ್ಪು ಪರದೆ, ಅದರ ತುಂಬ ಬಿಳಿ ಅಂಕೆಗಳು, ಬಲಬದಿಯಲ್ಲಿ ಚುಕ್ಕಿಗಳ ಸಾಲು. ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಅವನಿಗೆ ಕಂಡಿತ್ತು. ತುಳುವಿನಲ್ಲಿ 'ಉಂಡು' ಎಂದರೆ 'ಇದೆ'. ಆ ಒಂದು ಶಬ್ದಕ್ಕಾಗಿ ಮನೆಯವರು ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಇದ್ದದ್ದು ಅತ್ತೆಯ ಪಾಡ್ದನ, ತುಳುವಿನ ಕಥನ ಹಾಡು. ಅತ್ತೆ ಎಂದರೆ ಭಾವನ ತಾಯಿ. ನೇಜಿ ನೆಡುವಾಗ ಗದ್ದೆಯಲ್ಲಿ ಹಾಡುತ್ತಿದ್ದವರು. ಗದ್ದೆ ಹೋಗಿ ತೋಟವಾದ ಮೇಲೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಹಾಡಿದರು, ಹಾಡಲು ಉಸಿರು ಸಾಲದಾದಾಗ ಮಂಚದಲ್ಲಿ ಒರಗಿಕೊಂಡು ಮಾತಿನಲ್ಲಿ ಹೇಳಿದರು. ಭಾವ ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ರಾತ್ರಿ ಕನ್ನಡ ಲಿಪಿಯಲ್ಲಿ ಟೈಪು ಮಾಡುತ್ತಿದ್ದರು. ಒಂಬತ್ತು ಪಾಡ್ದನ, ಹತ್ತು ಹನ್ನೆರಡು ವರ್ಷದ ಕೆಲಸ. ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತು. ಅತ್ತೆ ತೀರಿಕೊಂಡರು. ಉಳಿದದ್ದು ಕಂಪ್ಯೂಟರಿನ 'ಡಿ' ಡ್ರೈವ್ ಒಂದೇ.

ಆ 'ಡಿ'ಯನ್ನು ಅಳಿಯ ಅಳಿಸಿಬಿಟ್ಟ.

ಹುಡುಗನನ್ನು ಬೈಯುವ ಮೊದಲು ಒಂದು ಮಾತು ಹೇಳಬೇಕು. ಗಡಿಯಾಚೆ ಮಂಗಳೂರಿನಲ್ಲಿ ಓದುವ ಅವನ ವಯಸ್ಸಿನ ಹೆಚ್ಚಿನ ಮಕ್ಕಳಿಗೆ ಲಿನಕ್ಸ್ ಎಂದರೇನೆಂದು ಗೊತ್ತಿರುವುದಿಲ್ಲ. ಕೇರಳದ ಶಾಲೆಗಳಲ್ಲಿ ಹಾಗಲ್ಲ. 2001ರಲ್ಲಿ ಶುರುವಾದ 'ಐಟಿ ಅಟ್ ಸ್ಕೂಲ್' ಯೋಜನೆ 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾಯಿತು; ಅಲ್ಲಿನ ಶಾಲಾ ಕಂಪ್ಯೂಟರುಗಳು ಓಡುವುದು ಲಿನಕ್ಸ್‌ನಲ್ಲಿ. ತಲಪಾಡಿಯ ಗಡಿ ದಾಟಿದರೆ ಸಾಕು, ಕನ್ನಡ ಮಾಧ್ಯಮದ ಹುಡುಗರೂ ಅದನ್ನೇ ಕಲಿಯುತ್ತಾರೆ. ನಮ್ಮ ಅಳಿಯನಿಗೆ ಮನೆಯ ಕಂಪ್ಯೂಟರಿಗೂ ಅದನ್ನು ಹಾಕುವ ಹುಮ್ಮಸ್ಸು. ಜಾಗ ಬೇಕಿತ್ತು, 'ಡಿ' ಪಾರ್ಟಿಶನ್ ಆರಿಸಿ 'ಡಿಲೀಟ್' ಒತ್ತಿದ. ಬಿಡುವಾದ ಜಾಗದ ಮೊದಲ 25 ಜಿಬಿಯಲ್ಲಿ ಲಿನಕ್ಸ್ ಹಾಕಿದ. ಭಾವ ಸಂಜೆ ಬಂದು "ನನ್ನ 'ಡಿ' ಎಲ್ಲಿ?" ಎಂದು ಕೇಳಿದಾಗಲೇ ಅವನಿಗೆ ತಾನು ಮಾಡಿದ್ದೇನೆಂದು ತಿಳಿದದ್ದು.

ಅಕ್ಕ ನನಗೆ ಫೋನು ಮಾಡಿದಳು. ನಾನೇನು ಕಂಪ್ಯೂಟರು ಬಲ್ಲವನಲ್ಲ, ಆದರೆ ಅಳಿಯ ಹೆದರಿ ಬಾಯಿ ಬಿಡುವುದು ನನ್ನ ಹತ್ತಿರ ಮಾತ್ರ. ನಾನು ಹೋಗುವಷ್ಟರಲ್ಲಿ ಅವನು ಒಂದು ಒಳ್ಳೆಯ ಕೆಲಸ ಮಾಡಿದ್ದ. ಸ್ವಿಚ್ ಆರಿಸಿ, ಪ್ಲಗ್ಗೇ ಕಿತ್ತು, ಯಾರೂ ಮುಟ್ಟಬಾರದೆಂದು ಕಂಪ್ಯೂಟರಿನ ಮೇಲೆ ಬೈರಾಸು ಹೊದಿಸಿದ್ದ. "ಎಂತಕ್ಕೆ ಹೀಗೆ?" ಎಂದು ಕೇಳಿದೆ. "ಮಾಮ, ಒಳಗೆ ಎಲ್ಲ ಹಾಗೇ ಉಂಟು. ಇನ್ನು ಅದರ ಮೇಲೆ ಏನೂ ಬರೀಬಾರದು, ಅಷ್ಟೆ."

ಒಳಗೆ ಎಲ್ಲ ಹಾಗೇ ಉಂಟು! ನನ್ನ ಬೆರಗು ಶುರುವಾದದ್ದು ಅಲ್ಲಿಂದ.

ಅವನು ಕಾಗದದ ಮೇಲೆ ಗೀರಿ ತೋರಿಸಿದ್ದನ್ನು ಇಲ್ಲಿ ಹೇಳುತ್ತೇನೆ, ಕೇಳಿ. ಭಾವನ 500 ಜಿಬಿ ಡಿಸ್ಕಿನಲ್ಲಿ 97,67,73,168 ಸೆಕ್ಟರುಗಳು. ಒಂದೊಂದೂ 512 ಬೈಟಿನ ಪುಟ್ಟ ಕೋಣೆ. ಮೊಟ್ಟಮೊದಲ ಕೋಣೆಯಲ್ಲಿ 446 ಬೈಟು ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಮಿಗೆ ಮೀಸಲು. ಕಟ್ಟಕಡೆಯ 2 ಬೈಟು '55 ಎಎ' ಎಂಬ ಮುದ್ರೆ. ನಡುವೆ ಉಳಿಯುವುದು 64 ಬೈಟು. ಅದರಲ್ಲಿ ನಾಲ್ಕು ಸಾಲು, ಸಾಲಿಗೆ 16 ಬೈಟು. ಒಂದು ಸಾಲು ಒಂದು ಪಾರ್ಟಿಶನ್: ಇಂಥ ಬಗೆಯದು, ಇಲ್ಲಿಂದ ಶುರು, ಇಷ್ಟು ಉದ್ದ. ಮುಗಿಯಿತು!

'ಡಿಲೀಟ್' ಒತ್ತಿದಾಗ ಹೋದದ್ದು ಆ 16 ಬೈಟು.

ವಿಲ್ಲೇಜ್ ಆಫೀಸಿನ ಪುಸ್ತಕದಲ್ಲಿ ನಿಮ್ಮ ಸರ್ವೆ ನಂಬರಿನ ಸಾಲನ್ನು ಯಾರೋ ಹೊಡೆದುಹಾಕಿದರು ಎಂದುಕೊಳ್ಳಿ. ತೋಟದ ತೆಂಗು ಬಿದ್ದುಹೋಗುತ್ತದೆಯೇ? ಬಾವಿ ಮುಚ್ಚಿಹೋಗುತ್ತದೆಯೇ? ಪುಸ್ತಕ ನೋಡಿ ಬಂದವನಿಗೆ ಅದು ಖಾಲಿ ಜಾಗ. ಕಾಲಿಟ್ಟವನಿಗೆ ತೋಟ. ಆದರೆ ಖಾಲಿ ಜಾಗವೆಂದು ನಂಬಿ ಯಾರಾದರೂ ಜೆಸಿಬಿ ತಂದರೆ ತೋಟ ಹೋದಂತೆಯೇ. ಅಳಿಯನ 25 ಜಿಬಿ ಲಿನಕ್ಸ್ ಆ ಜೆಸಿಬಿ. ಉಳಿದ ಕಡೆ ಇನ್ನೂ ಯಾರೂ ಬಂದಿರಲಿಲ್ಲ.

ಮರುದಿನ ಮಂಗಳೂರಿಗೆ ಹೋಗಿ ಹೊಸ ಡಿಸ್ಕ್ ತಂದೆವು. ಹಳೆಯದರ ಮೇಲೆ ನೇರ ಕೈಯಿಡಬಾರದು, ಮೊದಲು ಸೆಕ್ಟರಿಗೆ ಸೆಕ್ಟರು ನಕಲು ತೆಗೆಯಬೇಕು ಎಂಬುದು ಈ ವಿದ್ಯೆಯ ಮೊದಲ ಕಟ್ಟಳೆ. ಅದಕ್ಕೊಂದು ಪ್ರೋಗ್ರಾಮು, ಆಂಟೋನಿಯೊ ಡಯಾಜ್ ಬರೆದ 'ಡಿಡಿರೆಸ್ಕ್ಯೂ'. ಪುಕ್ಕಟೆ. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಅದನ್ನು ಓಡಿಸಿದ. ಅರ್ಧ ದಾರಿಗೆ ಬಂದಿತ್ತು, ಹೊರಗೆಲ್ಲೋ ಮರ ಮುರಿದ ಸದ್ದು, ಕರೆಂಟು ಹೋಯಿತು. ಅಕ್ಕ ತಲೆಗೆ ಕೈಹೊತ್ತು ಕೂತಳು. ಹುಡುಗ ನಕ್ಕ. ಎಷ್ಟು ಓದಿಯಾಯಿತು, ಎಲ್ಲಿ ಓದಲಾಗಲಿಲ್ಲ ಎಂಬುದರ ನಕ್ಷೆಯನ್ನು ಆ ಪ್ರೋಗ್ರಾಮು ಬರೆದಿಡುತ್ತ ಹೋಗುತ್ತದಂತೆ. ನಕ್ಷೆಯನ್ನು ಅವನು ಪೆನ್‌ಡ್ರೈವಿನಲ್ಲಿ ಉಳಿಸಿದ್ದ. ಕರೆಂಟು ಬಂದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಯಿತು. ಪಾಡ್ದನ ಹೇಳುವಾಗ ನಡುವೆ ಯಾರೋ ಬಂದರೆ ಮಾತಾಡಿ ಕಳಿಸಿ, ಅದೇ ಸಾಲಿನಿಂದ ಎತ್ತಿಕೊಳ್ಳುತ್ತಿದ್ದ ಅತ್ತೆಯ ನೆನಪಾಯಿತು.

ನಕಲಿನ ಮೇಲೆ 'ಟೆಸ್ಟ್‌ಡಿಸ್ಕ್' ಓಡಿಸಿದ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದು ಜಗತ್ತಿಗೆ ಉಚಿತವಾಗಿ ಕೊಟ್ಟದ್ದು. ಹರಿದುಹೋದ ಆ 16 ಬೈಟಿನ ಸಾಲನ್ನು ಅದು ಡಿಸ್ಕಿನ ಸಾಕ್ಷಿ ಕೇಳಿಯೇ ಮತ್ತೆ ಬರೆಯುತ್ತದೆ! ವಿಂಡೋಸಿನ ಎನ್‌ಟಿಎಫ್‌ಎಸ್ ಪಾರ್ಟಿಶನ್ ತನ್ನ ಮೊದಲ ಸೆಕ್ಟರಿನಲ್ಲಿ ತನ್ನ ಜಾತಕ ಬರೆದುಕೊಂಡಿರುತ್ತದೆ. ಆ ಜಾತಕದ ಇನ್ನೊಂದು ಪ್ರತಿಯನ್ನು ತನ್ನ ಕಟ್ಟಕಡೆಯ ಸೆಕ್ಟರಿನಲ್ಲಿ ಬಚ್ಚಿಟ್ಟಿರುತ್ತದೆ. ನಮ್ಮಲ್ಲಿ ಮೊದಲ ಪ್ರತಿಯ ಮೇಲೆ ಲಿನಕ್ಸ್ ಕೂತಾಗಿತ್ತು. ಕೊನೆಯ ಪ್ರತಿ ಹಾಗೇ ಇತ್ತು. ಹಸಿರು ಸಾಲಿನಲ್ಲಿ 'ಡಿ' ಪಾರ್ಟಿಶನ್ ಪರದೆಯ ಮೇಲೆ ಮೂಡಿದಾಗ ಭಾವನ ಕಣ್ಣು ತುಂಬಿತು. ಪಾಪ, ಅವಸರ ಮಾಡಿದರು.

ಒಳಗೆ ಹೋಗಲು 'ಪಿ' ಒತ್ತಿದರೆ ಬಂದ ಉತ್ತರ: ಫೈಲ್ ಸಿಸ್ಟಮ್ ತೆರೆಯಲಾಗದು, ಕೆಟ್ಟಿರುವಂತಿದೆ.

ಯಾಕೆಂದರೆ ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲಿನ ಹೆಸರು, ತಾರೀಕು, ವಿಳಾಸ ಬರೆದಿಡುವ ಒಂದು ಮಹಾ ದಫ್ತರವಿದೆ, ಎಂಎಫ್‌ಟಿ. ದೊಡ್ಡ ಪಾರ್ಟಿಶನ್ನುಗಳಲ್ಲಿ ವಿಂಡೋಸ್ ಸಾಮಾನ್ಯವಾಗಿ ಅದನ್ನು ಇಡುವುದು ಮೊದಲಿನಿಂದ 3 ಜಿಬಿ ದೂರದಲ್ಲಿ. ಅದರ ಕಿರುಪ್ರತಿ ಇರುವುದು ಬಾಗಿಲ ಬಳಿಯೇ. ಎರಡೂ ಆ 25 ಜಿಬಿಯ ಜೆಸಿಬಿಯಡಿ ಸಿಕ್ಕಿದ್ದವು. ಇನ್ನೊಂದು ಸಂಕಟ ಕೇಳಿ. ಆರೇಳು ನೂರು ಬೈಟಿಗಿಂತ ಚಿಕ್ಕ ಫೈಲಾದರೆ ಎನ್‌ಟಿಎಫ್‌ಎಸ್ ಅದಕ್ಕೆ ಬೇರೆ ಜಾಗ ಕೊಡುವುದಿಲ್ಲ, ದಫ್ತರದ ಆ ಸಾಲಿನ ಒಳಗೇ ತುರುಕಿಬಿಡುತ್ತದೆ. ಯಾವ ಪಾಡ್ದನ ಯಾರಿಂದ ಕಲಿತದ್ದು, ಯಾವ ಗದ್ದೆಯಲ್ಲಿ ಹಾಡುತ್ತಿದ್ದದ್ದು ಎಂದು ಭಾವ ಎರಡೆರಡು ಸಾಲಿನ ಚೀಟಿ ಬರೆದಿಟ್ಟಿದ್ದರು. ದಫ್ತರದ ಜೊತೆಗೆ ಆ ಚೀಟಿಗಳು ಹೋದವು. ಅವು ಮರಳಿ ಬರಲಿಲ್ಲ.

ಸಾಮಾನು ಇದೆ, ಪಟ್ಟಿ ಇಲ್ಲ. ಸಂತೆಯ ಎಲ್ಲ ಅಂಗಡಿಗಳ ಬೋರ್ಡು ಕಿತ್ತುಹಾಕಿದ ಹಾಗೆ. ಆದರೆ ಮೀನಿನ ಅಂಗಡಿ ಹುಡುಕಲು ಬೋರ್ಡು ಬೇಕೇನು?

ಫೈಲುಗಳಿಗೂ ವಾಸನೆ ಇದೆ! ಗ್ರೆನಿಯೆ ಅವರದೇ ಇನ್ನೊಂದು ಪ್ರೋಗ್ರಾಮು 'ಫೋಟೋರೆಕ್' ನಂಬುವುದು ಆ ವಾಸನೆಯನ್ನು ಮಾತ್ರ. ಅದು ಪಟ್ಟಿ ಕೇಳುವುದಿಲ್ಲ, ಪಾರ್ಟಿಶನ್ ಕೇಳುವುದಿಲ್ಲ. ಡಿಸ್ಕಿನ ಈ ತುದಿಯಿಂದ ಆ ತುದಿಗೆ ಮೂಸುತ್ತ ಹೋಗುತ್ತದೆ. ಎಫ್‌ಎಫ್ ಡಿ8 ಎಫ್‌ಎಫ್ ಕಂಡಿತೋ, ಇದು ಜೆಪೆಗ್ ಫೋಟೋ. ಶೇಕಡಾ ಗುರುತಿನ ಬೆನ್ನಿಗೆ 'ಪಿಡಿಎಫ್' ಎಂಬ ಅಕ್ಷರಗಳಿದ್ದರೆ ಪಿಡಿಎಫ್. ಹಳೆಯ ವರ್ಡ್ ಫೈಲುಗಳ ಹಣೆಬರಹವಂತೂ ತಮಾಷೆಯದು: ಡಿ0 ಸಿಎಫ್ 11 ಇ0. ಸೊನ್ನೆಯನ್ನು 'ಓ' ಎಂದೂ ಒಂದನ್ನು 'ಐ', 'ಎಲ್' ಎಂದೂ ಓದಿ ನೋಡಿ, ಇಂಗ್ಲಿಷಿನಲ್ಲಿ 'ಡಾಕ್‌ಫೈಲ್' ಆಗುತ್ತದೆ! ಯಾವನೋ ಇಂಜಿನಿಯರು ಕೋಟಿಗಟ್ಟಲೆ ಫೈಲುಗಳ ನೆತ್ತಿಯ ಮೇಲೆ ನಕ್ಕುಹೋಗಿದ್ದಾನೆ.

ಜಿಪ್ ಫೈಲು ಶುರುವಾಗುವುದು 'ಪಿಕೆ' ಎಂಬ ಎರಡಕ್ಷರದಿಂದ. ಅದು ಜಿಪ್ ರೂಪವನ್ನು ಕಟ್ಟಿದ ಅಮೆರಿಕದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಅವರು 2000ದಲ್ಲಿ, 37ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈಗಿನ ವರ್ಡ್ ಫೈಲುಗಳೂ ಲಿಬ್ರೆ ಆಫೀಸಿನ ಫೈಲುಗಳೂ ಒಳಗಿನಿಂದ ಜಿಪ್‌ಗಳೇ. ಹಾಗಾಗಿ ಮಂಜೇಶ್ವರದ ಮದುವೆ ಕಾಗದ, ಹೊಸಂಗಡಿಯ ಬ್ಯಾಂಕಿನ ಅರ್ಜಿ, ಉದ್ಯಾವರದ ಮಗುವಿನ ಪ್ರಬಂಧ, ಎಲ್ಲದರ ಹಣೆಯ ಮೇಲೂ ಆ ಮನುಷ್ಯನ ಹೆಸರಿದೆ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಫೋಟೋರೆಕ್ ರಾತ್ರಿಯಿಡೀ ಮೂಸಿತು. ಬೆಳಿಗ್ಗೆ ನೋಡಿದರೆ ಸಾವಿರಗಟ್ಟಲೆ ಫೈಲುಗಳು! ಅಕ್ಕನ ಸೀಮಂತ, ಅಳಿಯನ ಅನ್ನಪ್ರಾಶನ, ಯಾವುದೋ ಕೋಲದ ಮಸುಕು ಚಿತ್ರ, ತೀರಿಹೋದ ನಾಯಿ. ಹೆಸರು ಮಾತ್ರ ಒಂದಕ್ಕೂ ಇಲ್ಲ. 'ಎಫ್' ಎಂಬ ಅಕ್ಷರ, ಅದರ ಮುಂದೆ ಉದ್ದದ ಅಂಕೆ. ಸುಮ್ಮನೆ ಇಟ್ಟ ಅಂಕೆಯಲ್ಲ ಅದು. ಆ ಫೈಲು ಎಷ್ಟನೆಯ ಸೆಕ್ಟರಿನಲ್ಲಿ ಸಿಕ್ಕಿತೋ ಅದೇ ಅದರ ಹೆಸರು. ಹೆಸರು ಮರೆತು ವಿಳಾಸ ಮಾತ್ರ ನೆನಪಿಟ್ಟುಕೊಂಡು ಬಂದ ಮಕ್ಕಳು.

ವರ್ಡ್ ಫೈಲುಗಳೂ ಬಂದವು. ತೆರೆದರೆ ಕಸ! ಇಂಗ್ಲಿಷಿನ 'ಪಿ', ನೆತ್ತಿಗೆ ಗೀರು ಎಳೆದ 'ಎ', ಪೌಂಡಿನ ಚಿಹ್ನೆ, ಮತ್ತೆ ಗೀರಿನ 'ಎ'... ಕೆಟ್ಟುಹೋಗಿದೆ ಎಂದು ಅಳಿಯ ಮುಚ್ಚಲು ಹೊರಟ. ಭಾವ ತಡೆದರು. "ಅದು ಕನ್ನಡ ಮಾರಾಯ! ನುಡಿ!"

ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಹಳೆಯ ಫಾಂಟುಗಳಲ್ಲಿ ಬರೆದ 'ಕನ್ನಡ' ಎಂಬ ಪದ ಡಿಸ್ಕಿನ ಒಳಗೆ ಏಳು ಲ್ಯಾಟಿನ್ ಸಂಕೇತಗಳ ವೇಷ ಹಾಕಿಕೊಂಡಿರುತ್ತದೆ. ನುಡಿ ಫಾಂಟು ಹಾಕಿದೊಡನೆ ವೇಷ ಕಳಚಿತು. ಮೊದಲ ಐದು ಪಾಡ್ದನಗಳು, ಭಾವ ಶುರುವಿನ ವರ್ಷಗಳಲ್ಲಿ ಟೈಪು ಮಾಡಿದವು, ಸಾಲು ಸಾಲಾಗಿ ಬಂದು ಕೂತವು. ಕೆಡದೆ ಉಳಿದದ್ದನ್ನು ಕೆಟ್ಟಿದೆ ಎಂದು ಎಸೆಯುವುದರಲ್ಲಿದ್ದೆವು. ಹಳೆಯ ಸಿ.ಡಿ.ಗಳಲ್ಲಿ ಹೀಗೆ 'ಕಸ' ಎಂದು ಕರೆಸಿಕೊಂಡು ಕೂತ ಕನ್ನಡ ಎಷ್ಟಿದೆಯೋ!

ಉಳಿದ ನಾಲ್ಕು? ಆಮೇಲಾಮೇಲೆ ಭಾವ ಯೂನಿಕೋಡಿಗೆ ಬಂದಿದ್ದರು, ನೋಟ್‌ಪ್ಯಾಡಿನಲ್ಲಿ ಬರೆದು ಬರೀ ಪಠ್ಯ ಫೈಲಾಗಿ ಉಳಿಸಿದ್ದರು. ತೊಂದರೆ ಬಂದದ್ದು ಅಲ್ಲಿ. ಬರೀ ಪಠ್ಯಕ್ಕೆ ಹಣೆಬರಹ ಇರುವುದಿಲ್ಲ. ಫೋಟೋರೆಕ್ ಊಹಿಸಿ ತೆಗೆದ ತುಣುಕುಗಳಲ್ಲಿ ಪಾಡ್ದನ ಇರಲಿಲ್ಲ. ಗಾತ್ರವಾದರೂ ಎಷ್ಟು? 1990ರಲ್ಲಿ ಗೋಪಾಲ ನಾಯ್ಕರ ಬಾಯಿಂದ ಲೌರಿ ಹೊಂಕೊ ಅವರ ತಂಡ ದಾಖಲಿಸಿದ ತುಳು ಸಿರಿ ಮಹಾಕಾವ್ಯ 15,683 ಸಾಲಿನದು. ಸಾಲಿಗೆ ನೂರು ಬೈಟು ಹಿಡಿದರೂ ಅಷ್ಟು ದೊಡ್ಡ ಕಾವ್ಯ ಒಂದೂವರೆ ಎಂಬಿ ಚಿಲ್ಲರೆ. ಮೊಬೈಲಿನ ಒಂದು ಫೋಟೋದಷ್ಟೂ ಆಗದು. ಅತ್ತೆಯ ಒಂದೊಂದು ಪಾಡ್ದನ ಇಪ್ಪತ್ತು ಮೂವತ್ತು ಕೆಬಿ. 500 ಜಿಬಿಯ ಸಮುದ್ರದಲ್ಲಿ ಒಂದು ಬೂತಾಯಿ ಮೀನು.

ಆಗ ಹುಡುಗ ಕೇಳಿದ: "ಅಪ್ಪ, ಅಜ್ಜಿಯ ಪ್ರತಿ ಪಾಡ್ದನದಲ್ಲೂ ಬರುವ ಒಂದು ಶಬ್ದ ಹೇಳಿ." ಭಾವ ಯೋಚಿಸಿದರು. ಪಾಡ್ದನದ ಶಬ್ದ ಯಾಕೆ, ಪ್ರತಿಯೊಂದರ ಕೆಳಗೂ ಅವರು ಊರ ಹೆಸರು, ತಾರೀಕು ಹಾಕುತ್ತಿದ್ದರಲ್ಲ. ಕುಂಜತ್ತೂರು!

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಯೂನಿಕೋಡಿನ ಕನ್ನಡ, ಯುಟಿಎಫ್-8 ಎಂಬ ರೂಪದಲ್ಲಿ ಡಿಸ್ಕಿಗೆ ಇಳಿದಾಗ ಒಂದೊಂದು ಸಂಕೇತಕ್ಕೂ ಮೂರು ಬೈಟು. ಕಂಪ್ಯೂಟರಿನ ಹದಿನಾರರ ಎಣಿಕೆಯಲ್ಲಿ ಹೇಳಿದರೆ 'ಕ' ಎಂದರೆ ಇ0 ಬಿ2 95. ಅದರ ಕೊಂಬು ಇ0 ಬಿ3 81. ಕನ್ನಡದ ಯಾವ ಸಂಕೇತ ತೆಗೆದುಕೊಂಡರೂ ಮೊದಲೆರಡು ಬೈಟು ಇ0 ಬಿ2, ಇಲ್ಲವೇ ಇ0 ಬಿ3. ಬಿ3 ಮುಗಿದ ಮರುಕ್ಷಣ ಇ0 ಬಿ4. ಅದು ಯಾವುದು ಗೊತ್ತೇ? ಮಲಯಾಳಂ! ತಲಪಾಡಿಯ ಗಡಿ ಅಲ್ಲೂ ಇದೆ. ಆಚೆ ಕಡೆ, ಬಿ2ಗೆ ಒಂದು ಹೆಜ್ಜೆ ಹಿಂದೆ, ಬಿ0 ಮತ್ತು ಬಿ1ರಲ್ಲಿ ತೆಲುಗು. ನಾವು ಭೂಪಟದಲ್ಲಿ ಕೂತ ಹಾಗೆಯೇ ಬೈಟುಗಳಲ್ಲೂ ಕೂತಿದ್ದೇವೆ, ಒತ್ತಿಗೊತ್ತಿ. ತುಳುವಿನ ಸ್ವಂತ ಲಿಪಿಗೆ, ತುಳು-ತಿಗಳಾರಿಗೆ, ಮನೆ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ. ಅಷ್ಟು ಹೊತ್ತಿಗೆ ಊರೊಳಗೆ ಜಾಗವಿರಲಿಲ್ಲ, ಸಂಕೇತಕ್ಕೆ ನಾಲ್ಕು ಬೈಟು ಬೇಡುವ ದೂರದ ಬಡಾವಣೆಯಲ್ಲಿ ಕೊಟ್ಟರು.

'ಕುಂಜತ್ತೂರು' ಎಂಬ ಹೆಸರಿನಲ್ಲಿ ಹತ್ತು ಸಂಕೇತ: ಕ, ಕೊಂಬು, ಸೊನ್ನೆ, ಜ, ತ, ವಿರಾಮ, ತ, ಊಕೊಂಬು, ರ, ಕೊಂಬು. ಹತ್ತು ಮೂರಲಿ ಮೂವತ್ತು. ಐವತ್ತು ಸಾವಿರ ಕೋಟಿ ಬೈಟುಗಳ ನಡುವೆ ಆ 30 ಬೈಟುಗಳನ್ನು ಅದೇ ಕ್ರಮದಲ್ಲಿ ಹುಡುಕು ಎಂದು ಅಳಿಯ ಯಂತ್ರಕ್ಕೆ ಹೇಳಿ, ಕುಚ್ಚಲಕ್ಕಿ ಗಂಜಿ ಕುಡಿಯಲು ಎದ್ದ. ಯಂತ್ರ ನೂರಾರು ಜಿಬಿ ದಾಟುತ್ತಿತ್ತು. ಹತ್ತು ಗಂಟೆಗೆ ಒಂದು ಗುರಿ ಸಿಕ್ಕಿತು. ನೋಡಿದರೆ ಯಾವುದೋ ಆಮಂತ್ರಣ. ಹನ್ನೊಂದೂವರೆಗೆ ಇನ್ನೊಂದು. ಅವನು ಅದರ ಹಿಂದಿನ ಸೆಕ್ಟರು, ಅದರ ಹಿಂದಿನದು, ಅದರ ಹಿಂದಿನದು ಎಂದು ಮೇಲಕ್ಕೆ ಸರಿದ. ಇ0 ಬಿ2, ಇ0 ಬಿ3, ಇ0 ಬಿ2... ಪುಟ ತುಂಬ ಬರೀ ಕನ್ನಡ.

ಉಂಡು ಮಾಮ, ಉಂಡು!

ಮೂರು ಪಾಡ್ದನ ಆ ರಾತ್ರಿಯೇ ಎದ್ದು ಬಂದವು. ಎರಡು ಪೂರ್ತಿ. ಮೂರನೆಯದು ಚೂರು ಚೂರು. ಎನ್‌ಟಿಎಫ್‌ಎಸ್ ಫೈಲನ್ನು ಸಾಮಾನ್ಯವಾಗಿ 4096 ಬೈಟಿನ ಕಂತೆಗಳಾಗಿ ಇಡುತ್ತದೆ; ಭಾವ ತಿಂಗಳುಗಟ್ಟಲೆ ಒಂದಿಷ್ಟು ಸೇರಿಸುತ್ತ ಹೋದದ್ದರಿಂದ ಕಂತೆಗಳು ಬೇರೆ ಬೇರೆ ಕಡೆ ಬಿದ್ದಿದ್ದವು. ಯಾವುದರ ಹಿಂದೆ ಯಾವುದು? ಹಾಡಿದವರು ಇಲ್ಲ, ಕೇಳುವುದು ಯಾರನ್ನು?

ಅಕ್ಷರಗಳನ್ನೇ ಕೇಳಿದೆವು! 4096ನ್ನು ಮೂರರಿಂದ ಭಾಗಿಸಿ ನೋಡಿ, ಒಂದು ಉಳಿಯುತ್ತದೆ. ಅಂದರೆ ಬರೀ ಕನ್ನಡ ತುಂಬಿದ ಕಂತೆಯ ಕೊನೆಗೆ ಬರುವ ಅಕ್ಷರ ಹರಿದುಹೋಗುತ್ತದೆ, ತಲೆ ಇಲ್ಲಿ, ಬಾಲ ಇನ್ನೆಲ್ಲೋ. ನಡುವೆ ತೆರಪು, ಸಾಲುಮುರಿತಗಳು ಸೇರಿದಾಗ ಹರಿಯುವ ಜಾಗ ಬದಲಾಗುತ್ತದೆ. ಒಂದು ಕಂತೆ ಕೊನೆಯಾದದ್ದು ಇ0 ಎಂಬ ಒಂಟಿ ಬೈಟಿನಲ್ಲಿ. ಯುಟಿಎಫ್-8ರ ಚಂದವೆಂದರೆ ಆ ಇ0 'ನನ್ನ ಹಿಂದೆ ಇನ್ನೆರಡು ಬರಬೇಕು' ಎಂದು ಕೂಗಿ ಹೇಳುತ್ತದೆ. ಹಿಂದೆ ಬರುವ ಬೈಟುಗಳೂ 'ನಾವು ಬಾಲ, ತಲೆಯಲ್ಲ' ಎಂಬ ಗುರುತು ಹೊತ್ತಿರುತ್ತವೆ. ಸಿಕ್ಕ ಚೂರುಗಳಲ್ಲಿ ಎರಡು ಬಾಲದಿಂದ ಶುರುವಾಗುವುದು ಒಂದೇ ಇತ್ತು: ಬಿ2 ಎ4. ಎರಡನ್ನೂ ಜೋಡಿಸಿದ. ಇ0 ಬಿ2 ಎ4. ಪರದೆಯ ಮೇಲೆ 'ತ' ಮೂಡಿತು. ಭಾವ ಸಾಲನ್ನು ಗಟ್ಟಿಯಾಗಿ ಓದಿದರು, ಅರ್ಥ ಕೂಡಿತು. ಮಾತಾಡದೆ ಹೊರಗೆ ಹೋಗಿ ಜಗಲಿಯಲ್ಲಿ ಕೂತರು.

ಈ ಏರ್ಪಾಡನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬಿಬ್ಬರು ರೂಪಿಸಿದ್ದು 1992ರ ಸೆಪ್ಟೆಂಬರಿನ ಒಂದು ಸಂಜೆ, ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆಯಡಿ ಹಾಸುವ ಕಾಗದದ ಮೇಲೆ. ಎಲ್ಲಿಯ ನ್ಯೂಜೆರ್ಸಿ, ಎಲ್ಲಿಯ ಕುಂಜತ್ತೂರು!

ಚೂರು ಜೋಡಿಸುವ ಈ ಕೆಲಸ ನಮ್ಮ ಊರಿಗೆ ಹೊಸದಲ್ಲ ಎಂದು ಆಮೇಲೆ ಹೊಳೆಯಿತು. ಇದೇ ಕಾಸರಗೋಡಿನ ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ತಾಳೆಗರಿಯ ಕಟ್ಟುಗಳನ್ನು ಹುಡುಕಿ, ಹೆಚ್ಚಿನವರು ಓದುವುದನ್ನೇ ಮರೆತಿದ್ದ ತುಳು ಲಿಪಿಯನ್ನು ಬಿಡಿಸಿ, ಅರುಣಾಬ್ಜನ ಮಹಾಭಾರತೊ, ವಿಷ್ಣುತುಂಗನ ಶ್ರೀ ಭಾಗವತೊ ಕಾವ್ಯಗಳನ್ನು ಬೆಳಕಿಗೆ ತಂದರಲ್ಲ, ಅವರ ಕೈಯಲ್ಲೂ ಪಟ್ಟಿ ಇರಲಿಲ್ಲ. 'ಕಾವೇರಿ' ಎಂಬ ಇನ್ನೊಂದು ಕಾವ್ಯ ಅಸಮಗ್ರವಾಗಿಯೇ ಸಿಕ್ಕಿತು. ಸಿಕ್ಕಷ್ಟನ್ನೇ ಅಚ್ಚು ಮಾಡಿಸಿದರು. ಉಡುಪಿಯ ಪಲಿಮಾರು ಮಠದಲ್ಲಿದ್ದ, ಮಧ್ವಾಚಾರ್ಯರ 36 ಕೃತಿಗಳ ಸರ್ವಮೂಲದ ಸುಮಾರು 700 ವರ್ಷದ ತಾಳೆಗರಿಗಳಂತೂ ಕಪ್ಪಾಗಿ ಅಕ್ಷರ ಕಾಣದಂತಾಗಿದ್ದವು. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ 2006ರಲ್ಲಿ ಅವುಗಳ ಚಿತ್ರವನ್ನು ಅವಕೆಂಪು ಬೆಳಕಿನಲ್ಲಿ ತೆಗೆದರು. ಕಣ್ಣಿಗೆ ಕಾಣದ ಬೆಳಕಿನಲ್ಲಿ ಗೀರುಗಳು ಮೇಲೆದ್ದವು. ಈಸ್ಟನ್ ಅದಕ್ಕೂ ಮೊದಲು ಆರ್ಕಿಮಿಡೀಸನ ಕೃತಿಯನ್ನು ಕೆರೆದು ಅದರ ಮೇಲೆ ಪ್ರಾರ್ಥನೆ ಬರೆದಿದ್ದ ಚರ್ಮದ ಪುಸ್ತಕದಿಂದ ಅಡಿಯ ಬರಹವನ್ನು ಎಬ್ಬಿಸಿದ ತಂಡದಲ್ಲಿದ್ದವರು.

ಒಂದು ಎಚ್ಚರಿಕೆ. ಭಾವನದು ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರಿಂದ ಇದೆಲ್ಲ ನಡೆಯಿತು. ಈಗಿನ ಎಸ್‌ಎಸ್‌ಡಿಗಳಲ್ಲಿ 'ಟ್ರಿಮ್' ಎಂಬ ಆಜ್ಞೆಯಿದೆ. 2009ರ ವಿಂಡೋಸ್ 7ರಿಂದಲೇ ಬಂದಿದೆ. ಈ ಜಾಗ ಇನ್ನು ಬೇಡವೆಂದು ಹೇಳಿದೊಡನೆ ಎಸ್‌ಎಸ್‌ಡಿ ತಾನೇ ಅದನ್ನು ತೊಳೆದಿಡುತ್ತದೆ. ಅಲ್ಲಿ ಹೋದದ್ದು ಹೆಚ್ಚಾಗಿ ಹೋದಂತೆಯೇ.

ಇನ್ನು ಬೆರಗಿನ ಹಿಂದೆಯೇ ನನಗೆ ಹೆದರಿಕೆಯೂ ಆಯಿತು. ನಮ್ಮದು ನಮಗೆ ಸಿಗುವುದಾದರೆ ಗುಜರಿಯವನಿಗೂ ಸಿಗುತ್ತದಲ್ಲ! ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾತ್ ಎಂಬವರು ಹಳೆಯ ಸಾಮಾನಿನ ಪೇಟೆಯಲ್ಲಿ 158 ಡಿಸ್ಕುಗಳನ್ನು ಕೊಂಡು ನೋಡಿ 2003ರಲ್ಲಿ ಬರೆದರು. ಓಡುತ್ತಿದ್ದದ್ದು 129. ಅವುಗಳಲ್ಲಿ ಸರಿಯಾಗಿ ಒರೆಸಿದ್ದು ಬರೀ 12. ಉಳಿದವುಗಳಲ್ಲಿ ಯಾರ ಯಾರದೋ ಕ್ರೆಡಿಟ್ ಕಾರ್ಡ್ ನಂಬರು, ಕಾಗದಪತ್ರ.

ಕೊನೆಯ ಲೆಕ್ಕ: ಒಂಬತ್ತರಲ್ಲಿ ಏಳು ಪಾಡ್ದನ ಪೂರ್ತಿ ಬಂದವು. ಚೂರಾದದ್ದರಲ್ಲಿ ಎರಡು ಕಂತೆ ಸಿಗಲಿಲ್ಲ, ಅಲ್ಲಿ ಭಾವ ಚುಕ್ಕಿ ಹಾಕಿದ್ದಾರೆ. ಒಂಬತ್ತನೆಯದು ಇಲ್ಲ. ಅಳಿಯನ 25 ಜಿಬಿಯ ಅಡಿಯಲ್ಲಿ ಅದು ಇದ್ದಿರಬೇಕು. ಭಾವ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅದಕ್ಕೇ ಅವನು ಇನ್ನೂ ಹುಡುಕುತ್ತಿದ್ದಾನೆ.

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಹಳೆಯ ಸಿಪಿಯು ಇರಬಹುದು. ಅದರಲ್ಲಿ ಅಜ್ಜ ಟೈಪು ಮಾಡಿದ ಯಕ್ಷಗಾನದ ಪ್ರಸಂಗ, ಅಮ್ಮ ಹೇಳಿದ ಶೋಭಾನೆ, ನುಡಿಯಲ್ಲೋ 'ಬರಹ' ತಂತ್ರಾಂಶದಲ್ಲೋ ಬರೆದಿಟ್ಟದ್ದು ಇರಬಹುದು. ದಯವಿಟ್ಟು ಅದನ್ನು ಗುಜರಿಗೆ ಕೊಡಬೇಡಿ, ಓಡುತ್ತದೋ ನೋಡೋಣ ಎಂದು ಸ್ವಿಚ್ಚೂ ಹಾಕಬೇಡಿ. ಡಿಸ್ಕನ್ನು ಬಿಚ್ಚಿ, ಬಲ್ಲವರ ಕೈಗೆ ಕೊಟ್ಟು, ಮೊದಲು ಒಂದು ನಕಲು ತೆಗೆಸಿ.